ನಾಟ ರಾಗಕ್ಕೆ ಕೀಬೋರ್ಡಿನಲ್ಲಿ ಕಾರ್ಡ್: ಎಲ್ಲಿ ಕೂರುತ್ತೆ, ಎಲ್ಲಿ ಕೂರಲ್ಲ

ತೀರ್ಥಹಳ್ಳಿ, ಸಾಗರದ ಕಡೆ ಯಕ್ಷಗಾನ ಆಟದ ಪೂರ್ವರಂಗ ಕೇಳಿ ಬೆಳೆದವರಿಗೆ ನಾಟಿ ಎಂಬ ಹೆಸರು ಹೊಸದಲ್ಲ. ಭಾಗವತರ ನಾಟಿಯ ನಡೆ ಬೇರೆಯೇ. ಇಲ್ಲಿ ಹೇಳುವುದು ಕರ್ನಾಟಕ ಸಂಗೀತದ ನಾಟದ ಲೆಕ್ಕ. ಕಿವಿಗೆ ಒಗ್ಗಿದ ಈ ರಾಗ, ಎಡಗೈ ಕಾರ್ಡ್ (ಮೂರ್ನಾಲ್ಕು ಸ್ವರ ಒಟ್ಟಿಗೆ ಒತ್ತುವುದು) ಹಿಡಿಯಲು ಹೋದ ಕೂಡಲೇ ಕೈಕೊಡುತ್ತದೆ.

ಇದರ ಮೇಳ (ಏಳೂ ಸ್ವರಗಳಿರುವ ಮೂಲ ರಾಗ) ಚಲನಾಟ, 36ನೆಯದು, ಶುದ್ಧ ಮಧ್ಯಮ ಮೇಳಗಳಲ್ಲಿ ಕೊನೆಯದು. ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿಯಲ್ಲಿ ಚ 6, ಲ 3, ತಿರುಗಿಸಿದರೆ 36. 72 ಮೇಳಗಳಲ್ಲಿ 40 ವಿವಾದಿ ಮೇಳಗಳು, ಅಂದರೆ ಪಕ್ಕಪಕ್ಕದ ಸ್ವರಗಳು ಜಗಳಾಡುವಂಥವು. ಇದೂ ಅವುಗಳಲ್ಲೊಂದು; ಇದರಲ್ಲಿ ಷಟ್‌ಶ್ರುತಿ ರಿಷಭ, ಷಟ್‌ಶ್ರುತಿ ಧೈವತ ಎರಡೂ ಇವೆ. ಬಿಳಿ ಒಂದನ್ನು (ಸಿ) ಸ ಮಾಡಿಕೊಂಡರೆ ರಿ ಕಪ್ಪು ಎರಡು, ಗ ಬಿಳಿ ಮೂರು, ಮ ಬಿಳಿ ನಾಲ್ಕು, ಪ ಬಿಳಿ ಐದು, ದ ಕಪ್ಪು ಐದು, ನಿ ಬಿಳಿ ಏಳು. ಸ್ವರಗಳ ಅಂತರ ಮನೆಗಳಲ್ಲಿ (ಕಪ್ಪು ಬಿಳಿ ಎಲ್ಲ ಕೀ ಎಣಿಸಿ) 3-1-1-2-3-1-1. ಅಂದರೆ ಸ-ರಿ-ಗ-ಮ ಮತ್ತು ಪ-ದ-ನಿ-ಸ ಒಂದೇ ಅಚ್ಚು. ಆರೋಹಣಕ್ಕೆ ಬಲಗೈ ಬೆರಳು 1-2-3, ಮ ಮೇಲೆ ಮತ್ತೆ ಹೆಬ್ಬೆರಳು, ಅಲ್ಲಿಂದ 2-3-4-5. ಅವರೋಹಣದಲ್ಲಿ ದ, ಗ ಬಿಡಬೇಕು: ಸ ನಿ ಪ ಮ ರಿ ಸ. ಇದಕ್ಕೆ 5-4-2-1, ಆಮೇಲೆ ಎರಡನೇ ಬೆರಳು ಹೆಬ್ಬೆರಳನ್ನು ದಾಟಿ ರಿ, ಕೊನೆಗೆ ಸ.

ಇನ್ನು ಕಾರ್ಡ್. ಸ-ಗ-ಪ ಸಿ ಮೇಜರ್, ಸ-ರಿ-ಪ ಸಿ ಮೈನರ್: ಎರಡೂ ಮೇಳದೊಳಗೇ ಸಿಗುತ್ತವೆ. ಎಡವುವುದೂ ಇಲ್ಲೇ. ಸಿ ಮೈನರ್ ಒತ್ತಿದರೆ ಕಿವಿ ಆ ರಿಯನ್ನು ಅದೇ ಕೀಯಲ್ಲಿರುವ ಸಾಧಾರಣ ಗಾಂಧಾರ ಎಂದೇ ಎಣಿಸುತ್ತದೆ, ರಾಗ ಅಲ್ಲಿಗೆ ಮುಗಿಯಿತು. ಸಿ ಮೇಜರ್ ಹಿಡಿದುಕೊಂಡಿರುವಾಗ ಹಾಡುವವರು ‘ಮ ರಿ ಸ’ಕ್ಕೆ ಬಂದರೆ ರಿಗೂ ಗಕ್ಕೂ ಒಂದೇ ಮನೆ ಅಂತರ, ಕರ್ಕಶ. ಹಾಗಾಗಿ ಗ ಬರುವ ಏರು ಸಂಚಾರದಲ್ಲಿ ಮಾತ್ರ ಸಿ ಮೇಜರ್. ಇಳಿಯುವಾಗ ಬರೀ ಸ-ಪ.

ಪ ಮೇಲೆ ಜಿ ಮೇಜರ್ ಪೂರ್ತಿ ಸಿಗುವುದಿಲ್ಲ, ಚತುಶ್ರುತಿ ರಿಷಭವೇ (ಬಿಳಿ ಎರಡು) ಇಲ್ಲವಲ್ಲ. ಪ-ನಿ-ಮ ಹಿಡಿಯಿರಿ: ಐದನೇ ಸ್ವರ ಬಿಟ್ಟ ಜಿ ಸೆವೆನ್. ನಿ ಸಕ್ಕೆ ಏರುತ್ತದೆ, ಮ ಗಕ್ಕೆ ಇಳಿಯುತ್ತದೆ, ಸಿ ಮೇಜರ್ ತಾನಾಗಿ ಬರುತ್ತದೆ. ಈ ಮೇಳದಲ್ಲಿ ನಿಜವಾಗಿ ಕೆಲಸ ಮಾಡುವ ಚಲನೆ ಇದೊಂದೇ ಎಂದರೂ ಸರಿ. ಮ ಮೇಲಂತೂ ಮೇಜರೂ ಇಲ್ಲ, ಮೈನರೂ ಇಲ್ಲ, ಮ-ಸ ಸಾಕು. ರಿ-ಪ-ದ ಒತ್ತಿದರೆ ಚೆಂದದ ಮೇಜರ್ ಕಾರ್ಡೇ, ಆದರೆ ಆಧಾರ ಸ ಜಾರಿಹೋಗುತ್ತದೆ.

ಸ-ಗ-ಪ-ದಕ್ಕೆ ಮೇಲೆ ರಿ ಸೇರಿಸಿದರೆ ಜಾಜ್‌ನವರ ಸಿ ಸೆವೆನ್ ಶಾರ್ಪ್ ನೈನ್. ಕೇಳಲು ಮಜವಾಗಿದೆ, ಫ್ಯೂಷನ್‌ಗೆ ಇಟ್ಟುಕೊಳ್ಳಿ, ಕೀರ್ತನೆಗೆ ಬೇಡ.

ರಿಷಭವನ್ನು ಕಾರ್ಡಿನಿಂದ ಹೊರಗಿಟ್ಟರೂ ಇನ್ನೊಂದು ತಕರಾರು ಉಳಿಯುತ್ತದೆ. ತಂಬೂರಿಯ ಸ-ಪ ಮೇಲೆ ಕದಲದೆ ನಿಂತ ರಿ ಮೈನರ್‌ನಂತೆಯೇ ಕೇಳುತ್ತದೆ. ಅದು ರಿಷಭ ಎನಿಸುವುದು ಗಮಕದಿಂದ, ಅಂದರೆ ಸ್ವರವನ್ನು ತೂಗಿಸುವ ರೀತಿಯಿಂದ. ಕೀಬೋರ್ಡಿನಲ್ಲಿ ಮ ಸೋಕಿಸಿ ರಿಗೆ ಇಳಿಯಿರಿ, ಅಥವಾ ಪಿಚ್ ಬೆಂಡ್ (ಸ್ವರವನ್ನು ಏರಿಳಿಸುವ ಚಕ್ರ) ವ್ಯಾಪ್ತಿಯನ್ನು 1ಕ್ಕೆ, ಅಂದರೆ ಒಂದು ಮನೆಗೆ, ಇಳಿಸಿ ರಿಯಿಂದ ಗದ ಕಡೆಗೆ ತೂಗಿಸಿ. ವ್ಯಾಪ್ತಿ 2 ಇದ್ದರೆ ಚಕ್ರ ಪೂರ್ತಿ ತಳ್ಳಿದಾಗ ಮ ಮುಟ್ಟುತ್ತದೆ, ಹಿಡಿತ ಸಿಗುವುದು ಕಷ್ಟ. ಶ್ರುತಿಯಲ್ಲೂ ವ್ಯತ್ಯಾಸವಿದೆ: ಸ 261.6 ಹರ್ಟ್ಸ್ ಇದ್ದಾಗ 6:5 ಅನುಪಾತದ ರಿ ಸುಮಾರು 314, ಕೀಬೋರ್ಡಿನದು 311. ಹಾಡುವವರು 314ರಲ್ಲಿ ನಿಂತು ನೀವು ಅದೇ ಕೀ ಒತ್ತಿಹಿಡಿದರೆ ಸೆಕೆಂಡಿಗೆ ಸುಮಾರು ಮೂರು ಬಾರಿ ದನಿ ಅಲೆಯುತ್ತದೆ. ಅವರು ರಿ ಮೇಲೆ ನಿಂತಾಗ ಆ ಕೀಯಿಂದ ಬೆರಳು ತೆಗೆದುಬಿಡಿ.