ಜಾರಿ ಬಿದ್ದಷ್ಟಕ್ಕೇ ಮೂಳೆ ಮುರಿಯಿತೇ?

ಐವತ್ತೈದು ದಾಟಿದ ಹೆಂಗಸೊಬ್ಬರು ಬಚ್ಚಲಲ್ಲಿ ಜಾರಿ, ಕೈಯೂರಿ ಬೀಳುತ್ತಾರೆ. ಮಣಿಕಟ್ಟು ಮುರಿಯುತ್ತದೆ. ಆರು ವಾರ ಪ್ಲಾಸ್ಟರ್ ಹಾಕಿ ಬಿಚ್ಚಿದ ಮೇಲೆ ಕೈ ಕೂಡಿಕೊಂಡಿತೆಂದು ಮನೆಯವರೆಲ್ಲ ನಿರಾಳ. ಆದರೆ ನಿಂತ ಎತ್ತರದಿಂದ ಬಿದ್ದರೆ ಗಟ್ಟಿ ಮೂಳೆ ಸಾಮಾನ್ಯವಾಗಿ ಮುರಿಯುವುದಿಲ್ಲ. ಮುರಿಯಿತೆಂದರೆ ಉಳಿದ ಮೂಳೆಗಳನ್ನೂ ಪರೀಕ್ಷಿಸಬೇಕು. ಒಮ್ಮೆ ಹೀಗೆ ಮುರಿದವರಿಗೆ ಮುಂದೆ ಬೆನ್ನುಮೂಳೆ ಅಥವಾ ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚು.

ನಮ್ಮಲ್ಲಿ ‘ಮೂಳೆ ಸವೆತ’ ಎಂಬ ಒಂದೇ ಮಾತಿನಲ್ಲಿ ಎರಡು ಕಾಯಿಲೆ ಸೇರಿಹೋಗಿವೆ. ಮಂಡಿ ಸವೆತದಲ್ಲಿ ಹಾಳಾಗುವುದು ಮುಖ್ಯವಾಗಿ ಕೀಲಿನ ಮೃದ್ವಸ್ಥಿ; ಅದು ನೋಯುತ್ತದೆ. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆಯ ಒಳಗಿನ ಜಾಲರಿಯೇ ತೆಳ್ಳಗಾಗುತ್ತದೆ, ಮುರಿಯುವ ತನಕ ನೋವೇ ಇರುವುದಿಲ್ಲ.

ಮೂಳೆಯನ್ನು ಕೆಲವು ಜೀವಕೋಶಗಳು ಕೆರೆದು ತೆಗೆಯುತ್ತಿದ್ದರೆ, ಇನ್ನು ಕೆಲವು ಹೊಸದಾಗಿ ಕಟ್ಟುತ್ತಿರುತ್ತವೆ. ಸುಮಾರು 30ರ ವಯಸ್ಸಿನ ತನಕ ಕಟ್ಟುವ ಕೆಲಸದ್ದೇ ಮೇಲುಗೈ. ಮುಟ್ಟು ನಿಂತು ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿದಾಗ ಕೆರೆಯುವ ಕೆಲಸಕ್ಕಿದ್ದ ಕಡಿವಾಣ ತಪ್ಪುತ್ತದೆ. ಮೊದಲ 5–7 ವರ್ಷಗಳಲ್ಲೇ ಕೆಲವರು ಶೇ 20ರಷ್ಟು ಮೂಳೆ ಕಳೆದುಕೊಳ್ಳುತ್ತಾರೆ. ಸಂಧಿವಾತಕ್ಕೋ ಉಬ್ಬಸಕ್ಕೋ ಮೂರು ತಿಂಗಳಿಗಿಂತ ಹೆಚ್ಚು ಸ್ಟೆರಾಯ್ಡ್ ಮಾತ್ರೆ ನುಂಗಿದ ಗಂಡಸರಿಗೂ ಈ ಅಪಾಯ ಇದ್ದೇ ಇದೆ.

ಬೆನ್ನುಮೂಳೆಯ ಮುರಿತವಂತೂ ಬಹಳ ಸಲ ಯಾರ ಗಮನಕ್ಕೂ ಬರುವುದಿಲ್ಲ. ಅಜ್ಜಿಯ ಬೆನ್ನು ಬಾಗಿದರೆ ‘ವಯಸ್ಸಾಯಿತಲ್ಲ’ ಎನ್ನುತ್ತೇವೆ. ಅವರನ್ನು ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ, ನೇರ ಮುಂದೆ ನೋಡುತ್ತಾ ನಿಲ್ಲಿಸಿ. ತಲೆಯ ಹಿಂಭಾಗ ಗೋಡೆಗೆ ಮುಟ್ಟದಿದ್ದರೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಅಂಚಿಗೂ ನಡುವೆ ಎರಡು ಬೆರಳು ಹಿಡಿಯದಿದ್ದರೆ, ಇಲ್ಲವೇ ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಮಾಡಿಸಬೇಕು. ಮೂಳೆಯ ಸಾಂದ್ರತೆ ಅಳೆಯುವುದು ಡೆಕ್ಸಾ ಸ್ಕ್ಯಾನ್. ಅದರ ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಿಡಿದು ಕೊಡುವ ಅಂಕಿಯೊಂದನ್ನೇ ನಂಬಿ ಔಷಧ ಶುರುಮಾಡಬಾರದು.

ದೊಡ್ಡವರಿಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು, ಮುಟ್ಟು ನಿಂತವರಿಗೆ 1200. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350 ಮಿ.ಗ್ರಾಂ., ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 250 ಮಿ.ಗ್ರಾಂ. ಸಿಗುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತದೆ. ಮೊಳಕೆ ಬರಿಸಿ ಹುರಿಹಿಟ್ಟು ಮಾಡಿದರೆ ಫೈಟೇಟ್ ಕಡಿಮೆಯಾಗುತ್ತದೆ. ಪಾಲಕ್ ಸೊಪ್ಪಿನದು ಹೆಚ್ಚು ಮೈಗೆ ಹತ್ತುವುದಿಲ್ಲ, ಅದರ ಆಕ್ಸಲೇಟ್ ಬಿಡುವುದಿಲ್ಲ. ಮಾತ್ರೆಯೇ ಬೇಕಾದರೆ ಒಮ್ಮೆಗೆ 500 ಮಿ.ಗ್ರಾಂ. ಮೀರದಂತೆ ತೆಗೆದುಕೊಳ್ಳಿ. ಅದು ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯಾದರೆ ಊಟದ ಜೊತೆಗಿರಲಿ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಯ ಅಂತರವಿರಲಿ.

ವಿಟಮಿನ್ ಡಿಗೆ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲು ಬೇಕು. ಎಳೆಬಿಸಿಲಿನಿಂದ, ಗಾಜಿನ ಕಿಟಕಿಯ ಹಿಂದಿನ ಬಿಸಿಲಿನಿಂದ ಉಪಯೋಗ ತೀರಾ ಕಡಿಮೆ. ಆದರೆ 60,000 ಯೂನಿಟ್ಟಿನ ಪುಡಿ ಪೊಟ್ಟಣವನ್ನು ವಾರವಾರವೂ ವರ್ಷಗಟ್ಟಲೆ ತಾವಾಗಿಯೇ ಸೇವಿಸುವವರಿದ್ದಾರೆ. ಅದು ವಿಪರೀತವಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.

ವಾಕಿಂಗ್ ಒಂದೇ ಸಾಲದು. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ತೊಡೆಗೆ ಬಲ ಕೊಡುತ್ತದೆ, ಬೀಳುವುದನ್ನು ತಪ್ಪಿಸುತ್ತದೆ. ಬೆನ್ನುಮೂಳೆ ಈಗಾಗಲೇ ಕುಸಿದವರು ಮಾತ್ರ ಮುಂದಕ್ಕೆ ಬಾಗುವ ಆಸನ ಮಾಡಬಾರದು. ಬಚ್ಚಲಿಗೆ ಹಿಡಿಕೆ ಹಾಕಿಸಿ, ಎಣ್ಣೆ ಸ್ನಾನದ ನಂತರ ನೆಲ ತಿಕ್ಕಿ ಒಣಗಿಸಿ, ರಾತ್ರಿ ಎದ್ದು ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯಲಿ.

ಮೂಳೆ ಮುರಿದ ಮೇಲೆ ಬರೀ ಕ್ಯಾಲ್ಸಿಯಂ ಸಾಕಾಗುವುದಿಲ್ಲ, ಔಷಧ ಬೇಕಾಗುತ್ತದೆ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಕಾಫಿ, ತಿಂಡಿ ಏನೂ ಬೇಡ, ಮಲಗುವುದೂ ಬೇಡ. ಮಲಗಿದರೆ ಅನ್ನನಾಳ ಹುಣ್ಣಾಗಬಹುದು. ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಚುಚ್ಚುಮದ್ದಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬದಲಿ ಔಷಧವಿಲ್ಲದೆ ಅದನ್ನು ನಿಲ್ಲಿಸಿದರೆ ಉಳಿಸಿದ ಮೂಳೆ ಬೇಗ ಕರಗಿ, ಬೆನ್ನುಮೂಳೆಗಳು ಒಂದರ ಹಿಂದೊಂದು ಕುಸಿಯಬಹುದು.