ಗಿಮಿಲಿಯೊ ಚರ್ಚಿನ ಎರಡು ಕಲ್ಲುಗಳು

ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿಯಲ್ಲಿ ಗಿಮಿಲಿಯೊ ಎಂಬ ಪುಟ್ಟ ಊರಿದೆ. ಅಲ್ಲಿನ ಚರ್ಚಿನ ಅಂಗಳದಲ್ಲೊಂದು ಕಲ್ಲಿನ ಕಟ್ಟೆ. ಮೇಲೆ ಶಿಲುಬೆ, ಸುತ್ತಲೂ ಯೇಸುವಿನ ಬದುಕಿನ ಪ್ರಸಂಗಗಳು, ಸುಮಾರು 200 ವಿಗ್ರಹಗಳು. ಇದಕ್ಕೆ ಕ್ಯಾಲ್ವರಿ ಎನ್ನುತ್ತಾರೆ. ಕೆತ್ತಿದ್ದು 1580ರ ದಶಕದಲ್ಲಿ. ಯೇಸುವನ್ನು ಹಿಡಿಯಲು ಬಂದ ಸೈನಿಕರು ಆ ಕಾಲದ ಫ್ರೆಂಚ್ ಉಡುಪಿನಲ್ಲೇ ಇದ್ದಾರೆ! ಒಂದು ಮೂಲೆಯಲ್ಲಿ ಕಾಟೆಲ್ ಕೊಲೆಟ್ ಎಂಬ ಹುಡುಗಿಯನ್ನು ದೆವ್ವಗಳು ನರಕದ ಬಾಯಿಗೆ ಎಳೆಯುತ್ತಿವೆ. ಮಾಡಿದ ಪಾಪವನ್ನು ಮುಚ್ಚಿಟ್ಟಳು ಎನ್ನುತ್ತದೆ ಜನಪದ ಕತೆ. ನನಗೇನೋ ಶಿಲ್ಪಿ ಜಾಸ್ತಿ ಖುಷಿಪಟ್ಟು ಕೆತ್ತಿದ್ದು ಇದನ್ನೇ ಅನಿಸುತ್ತದೆ.

ನಾನೂರು ವರ್ಷ ಮಳೆ, ಉಪ್ಪುಗಾಳಿ ತಿಂದರೂ ಆ ಮುಖಗಳು ಅಳಿಸಿಲ್ಲ. ಕಾರಣ ಕಲ್ಲಿನಲ್ಲೇ ಇದೆ. ಇಲ್ಲಿ ಗ್ರಾನೈಟಿಗೆ ಬರವಿಲ್ಲ. ಆದರೆ ಅದರ ಹರಳುಗಳು ದಪ್ಪ. ಗೋಡೆಗೆ ಸರಿ, ಕಣ್ಣುರೆಪ್ಪೆ ಕೆತ್ತಲು ಆಗದು. ಅದಕ್ಕೇ ಬ್ರೆಸ್ಟ್ ಕೊಲ್ಲಿಯ ದಂಡೆಯಿಂದ ಕೆರ್ಸಾಂಟನ್ ಎಂಬ ಕಪ್ಪುಬೂದು ಕಲ್ಲು ಬಂತು. ಭೂಮಿಯ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾದ ಕಲ್ಲು ಅದು. ಕಣಗಳು ಸಣ್ಣವು, ಒಳಗೆಲ್ಲ ಕಪ್ಪು ಕಾಗೆಬಂಗಾರ. ಹೊಸದಾಗಿ ಅಗೆದಾಗ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ.

ಇಷ್ಟಕ್ಕೆಲ್ಲ ದುಡ್ಡು? ರಾಜನದಲ್ಲ, ರೈತರದು. ಸುತ್ತಲಿನ ಹಳ್ಳಿಗಳಲ್ಲಿ ಅಗಸೆ ನಾರಿನಿಂದ ಲಿನನ್ ನೇಯುತ್ತಿದ್ದರು. ಬಟ್ಟೆ ಮೊರ್ಲೆ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ದುಡ್ಡಿನ ಜೊತೆ ಪೈಪೋಟಿಯೂ ಬಂತು. ಪಕ್ಕದ ಸೇಂಟ್ ತೆಗೊನೆಕ್‌ನವರು 1610ರಲ್ಲಿ ತಮ್ಮದೇ ಕ್ಯಾಲ್ವರಿ ನಿಲ್ಲಿಸಿದರು. ಗಿಮಿಲಿಯೊದವರು ಸುಮ್ನೆ ಕೂರಲಿಲ್ಲ. 17ನೇ ಶತಮಾನದ ಆರಂಭದಲ್ಲಿ ಚರ್ಚಿಗೆ ಶಿಲ್ಪಗಳಿಂದ ತುಂಬಿದ ದಕ್ಷಿಣದ ಮುಖಮಂಟಪ ಬಂತು. 1648ರಲ್ಲಿ ಅಸ್ಥಿಗೃಹ. ಗೋರಿಗೆ ಜಾಗ ಸಾಲದಾಗ ಹಳೆಯ ಮೂಳೆಗಳನ್ನು ತೆಗೆದಿಡುವ ಮನೆ ಅದು. 1675ರಲ್ಲಿ ದೀಕ್ಷಾಸ್ನಾನದ ತೊಟ್ಟಿಗೆ ಓಕ್ ಮರದ ಮಂಟಪ. ತಿರುಚಿದ ಕಂಬ, ಅದಕ್ಕೆ ಸುತ್ತಿದ ಬಳ್ಳಿ, ಎಲ್ಲವೂ ಬಡಗಿಯ ಕೈಚಳಕ.

ಶತಮಾನದ ಕೊನೆಗೆ ಇಂಗ್ಲೆಂಡ್ ಜೊತೆ ಸುಂಕದ ಜಗಳ, ಆಮೇಲೆ ಯುದ್ಧ. ಲಿನನ್ ವ್ಯಾಪಾರ ಬಿತ್ತು, ದೊಡ್ಡ ಕೆಲಸಗಳೂ ನಿಂತವು. ದುಡ್ಡು ಇನ್ನೂ ಹರಿದಿದ್ದರೆ ಹಳೆಯದನ್ನೆಲ್ಲ ಕೆಡವಿ ಹೊಸದು ಕಟ್ಟುತ್ತಿದ್ದರೇನೋ, ಅಲ್ವಾ?