ಫರ್ಮಾನ ಊಹೆಯನ್ನು ಉರುಳಿಸಿದ 641

ಎರಡರ 32ನೇ ಘಾತಕ್ಕೆ ಒಂದು ಕೂಡಿಸಿದರೆ 4294967297 ಬರುತ್ತದೆ. 429 ಕೋಟಿಗೂ ಮೀರಿದ ಸಂಖ್ಯೆ. ಇದು ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಪಿಯರ್ ಡಿ ಫರ್ಮಾ ನಂಬಿದ್ದ. ನಂಬಿಕೆಗೆ ಆಧಾರವಿಲ್ಲದಿರಲಿಲ್ಲ. 2, 4, 8, 16 ಹೀಗೆ ಇಮ್ಮಡಿಯಾಗುವ ಘಾತಗಳಿಗೆ ಎರಡನ್ನು ಏರಿಸಿ ಒಂದು ಕೂಡಿಸುತ್ತಾ ಹೋದರೆ 5, 17, 257, 65537 ಸಿಗುತ್ತವೆ. ಮೊದಲನೇ ಘಾತದಿಂದ ಬರುವ 3 ಸೇರಿ ಐದೂ ಅವಿಭಾಜ್ಯಗಳೇ. ಆರನೆಯದೂ ಹಾಗೆಯೇ ಇರಬೇಕು, ಮುಂದಿನವೂ ಅಷ್ಟೇ ಎಂಬುದು 1640ರ ಸುಮಾರಿಗೆ ಅವನು ಮುಂದಿಟ್ಟ ಊಹೆ.

ಪರೀಕ್ಷಿಸುವುದು ಸುಲಭವಲ್ಲ. ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದಾದರೆ 6542 ಭಾಗಾಕಾರಗಳು ಬೇಕು. ಕಾಗದದ ಮೇಲೆ ಕೈಯಾರೆ ಮಾಡಲು ಯಾರಿಗೂ ಬೇಸರವೇ.

1732ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದನ್ನು ಒಡೆದ: 641 × 6700417. ಅವನು ತೋರಿಸಿಕೊಟ್ಟ ಜಾಡು ಸೊಗಸಾದದ್ದು. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಅಂಥ ಅವಿಭಾಜ್ಯಗಳನ್ನು ಸಾಲಾಗಿ ಬರೆದರೆ 193, 257, 449, 577, 641. ಐದನೆಯದರಲ್ಲೇ ಕೆಲಸ ಮುಗಿಯಿತು! ಫರ್ಮಾನಂಥ ಫರ್ಮಾ ಇಷ್ಟು ಹತ್ತಿರವಿದ್ದ ಭಾಜಕವನ್ನು ಹೇಗೆ ಬಿಟ್ಟನೋ ಎಂದು ನನಗೆ ಈಗಲೂ ಅಚ್ಚರಿ.

ಕ್ಯಾಲ್ಕ್ಯುಲೇಟರ್ ಇಲ್ಲದೆಯೂ ಇದನ್ನು ಖಚಿತಪಡಿಸಿಕೊಳ್ಳಬಹುದು. 641 ಎಂದರೆ 5 × 128 + 1. ಹಾಗಾಗಿ 641ರಿಂದ ಭಾಗಿಸುವ ಲೆಕ್ಕದಲ್ಲಿ 5 × 128ರ ಶೇಷ −1, ಅಂದರೆ ಪೂರ್ತಿ ಭಾಗವಾಗಲು ಒಂದು ಕಡಿಮೆ. ನಾಲ್ಕನೇ ಘಾತಕ್ಕೆ ಏರಿಸಿದರೆ ಶೇಷ 1 ಆಗುತ್ತದೆ. ಆ ಘಾತವೇ 625 × 2²⁸. ಇತ್ತ 641 ಎಂದರೆ 625 + 16 ಕೂಡ ಹೌದು. ಆದ್ದರಿಂದ 625ರ ಜಾಗದಲ್ಲಿ −16 ಇಟ್ಟರೂ ಶೇಷ ಬದಲಾಗದು. 16 ಎಂದರೆ 2⁴ ತಾನೆ? ಗುಣಿಸಿದರೆ −2³². ಅದರ ಶೇಷ 1 ಎಂದ ಮೇಲೆ 2³² + 1ರ ಶೇಷ ಸೊನ್ನೆಯಾಗದೆ ಬೇರೆ ದಾರಿಯಿಲ್ಲ.

4294967297 ಮೋಸಗಾರನೂ ಹೌದು. ಅವಿಭಾಜ್ಯತೆಯನ್ನು ಪರೀಕ್ಷಿಸಲು ಫರ್ಮಾನದೇ ಹೆಸರಿನ ಒಂದು ವಿಧಾನವಿದೆ: ಒಂದು ಚಿಕ್ಕ ಸಂಖ್ಯೆಯನ್ನು ಆಧಾರವಾಗಿ ತೆಗೆದುಕೊಂಡು, ಪರೀಕ್ಷಿಸುವ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಪರೀಕ್ಷಿಸುವ ಸಂಖ್ಯೆಯಿಂದಲೇ ಭಾಗಿಸಬೇಕು; ಶೇಷ 1 ಬಂದರೆ ಪಾಸು. ಅದನ್ನು 2ನ್ನು ಆಧಾರವಾಗಿಟ್ಟು ನಡೆಸಿದರೆ ಈ ಸಂಖ್ಯೆ ನಿರಾಯಾಸವಾಗಿ ಪಾಸಾಗುತ್ತದೆ; 3ನ್ನು ಇಟ್ಟ ಕೂಡಲೇ ಸಿಕ್ಕಿಬೀಳುತ್ತದೆ.

ಊಹೆ ಅಲ್ಲಿಂದ ಚೇತರಿಸಿಕೊಳ್ಳಲಿಲ್ಲ. 65537ರ ನಂತರ ಈ ಸಾಲಿನಲ್ಲಿ ಒಂದೂ ಹೊಸ ಅವಿಭಾಜ್ಯ ಸಿಕ್ಕಿಲ್ಲ.

ಇನ್ನೊಂದು ನಂಟು ನನಗೆ ಬಹಳ ಇಷ್ಟ. ಮೊದಲ ಐದನ್ನೂ ಪರಸ್ಪರ ಗುಣಿಸಿ ನೋಡಿ: 3 × 5 × 17 × 257 × 65537 = 4294967295. ಆರನೆಯದಕ್ಕಿಂತ ಸರಿಯಾಗಿ ಎರಡು ಕಡಿಮೆ! 17 ಬಾಹುಗಳ ಸಮಬಹುಭುಜವನ್ನು ಬರೀ ಕೈವಾರ, ಗುರುತಿಲ್ಲದ ಪಟ್ಟಿಯಿಂದ ರಚಿಸಬಹುದೆಂದು 1796ರಲ್ಲಿ ಗಣಿತಜ್ಞ ಗೌಸ್ ಕಂಡುಕೊಂಡ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ, ಅದು ಈ ಸಾಲಿನ ಒಂದು ಅವಿಭಾಜ್ಯವೋ ಬೇರೆಬೇರೆ ಅವಿಭಾಜ್ಯಗಳ ಗುಣಲಬ್ಧವೋ ಆಗಿದ್ದರೆ ಮಾತ್ರ ಇಂಥ ರಚನೆ ಸಾಧ್ಯ. ಅದೇ ಸಿದ್ಧಾಂತದ ಪ್ರಕಾರ 4294967295 ಬಾಹುಗಳ ಸಮಬಹುಭುಜವನ್ನೂ ತಾತ್ವಿಕವಾಗಿ ಎಳೆಯಬಹುದು. 4294967297 ಬಾಹುಗಳದ್ದನ್ನು ಎಳೆಯಲಾಗದು, ಈ ಸಾಲಿಗೆ ಸೇರದ 641 ಅಡ್ಡಬರುತ್ತದೆ.